ಸಿಪಿಸಿ ಓದುವುದು ಹೇಗೆ: ಒಂದು ಭತ್ತದ ಬಾಕಿ ಹಿಡಿದು ಹೊರಡಿ

"ಸರ್, ಸಿಪಿಸಿ ಹೆಂಗ ಓದಬೇಕ್ರಿ?" ರಾಯಚೂರು ಕೋರ್ಟಿನಲ್ಲಿ ಸಿಗುವ ಲಾ ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಸಿಪಿಸಿ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಸಿವಿಲ್ ದಾವೆ ಹೇಗೆ ನಡೆಯಬೇಕು ಅಂತ ಹೇಳುವ ಕೋಡ್. ಮೂರು ವರ್ಷದ ಕೋರ್ಸಿನಲ್ಲಿ ಈ ವಿಷಯ ಸಾಮಾನ್ಯವಾಗಿ ಮೊದಲ ವರ್ಷ ಬರುವುದಿಲ್ಲ, ಮುಂದೆ ಬರುತ್ತದೆ. ಆದರೂ ಮೊದಲ ವರ್ಷವೇ ಶುರು ಮಾಡಿ. ಆಗ ನೀವು ಕಾಂಟ್ರ್ಯಾಕ್ಟ್ ಓದುತ್ತಿರುತ್ತೀರಿ, ಟಾರ್ಟ್ಸ್ (ಸಿವಿಲ್ ತಪ್ಪುಗಳ ಕಾನೂನು) ಓದುತ್ತಿರುತ್ತೀರಿ. ಅಲ್ಲಿ 'ಪರಿಹಾರ ಸಿಗುತ್ತದೆ' ಅಂತ ಇರುತ್ತದೆ. ಯಾವ ಕೋರ್ಟಿನಲ್ಲಿ, ಯಾವ ಕಾಗದ ಹಾಕಿದರೆ, ಎಷ್ಟು ದಿನದೊಳಗೆ ಸಿಗುತ್ತದೆ ಅನ್ನೋದು ಸಿಪಿಸಿಯಲ್ಲಿದೆ. ಎರಡನ್ನೂ ಜೊತೆಗೆ ಓದಿದರೆ ಎರಡೂ ತಲೆಗೆ ಹತ್ತುತ್ತವೆ.

ನನಗೆ ಇದು ಹೊಳೆದದ್ದು ಪುಸ್ತಕದಿಂದಲ್ಲ. ವಿದ್ಯಾರ್ಥಿಯಾಗಿದ್ದಾಗ ಒಂದು ದಿನ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ವಯಸ್ಸಾದ ರೈತರೊಬ್ಬರು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿ ಮಡಚಿ ಹರಿಯಲು ಬಂದ ಕಾಗದಗಳು. ನಾನು ಲಾ ಓದುತ್ತೇನೆ ಅಂದ ಕೂಡಲೇ ಒಂದನ್ನು ತೆಗೆದು ತೋರಿಸಿದರು. "ತಮ್ಮಾ, ನಾವು ಗೆದ್ದೀವಿ ಅಂತ ಇದ್ರಾಗ ಬರದೈತಂತ. ಮತ್ತ ರೊಕ್ಕ ಯಾಕ ಬಂದಿಲ್ಲ?" ಅದು ಡಿಕ್ರಿಯ, ಅಂದರೆ ದಾವೆಯಲ್ಲಿ ಯಾರಿಗೆ ಏನು ಹಕ್ಕು ಅಂತ ಕೋರ್ಟ್ ಕೊಟ್ಟ ತೀರ್ಮಾನದ ನಕಲು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಿಕ್ರಿ ಎಂದರೇನು ಅಂತ ಎರಡು ಪುಟ ಬರೆಯುವಷ್ಟು ಗೊತ್ತಿತ್ತು, ಡಿಕ್ರಿ ಕೈಗೆ ಬಂದ ಮೇಲೆ ಮನುಷ್ಯ ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಿರಲಿಲ್ಲ. ಆ ರಾತ್ರಿ ಸಿಪಿಸಿಯಲ್ಲಿ ಡಿಕ್ರಿ ಜಾರಿ ಮಾಡಿಸುವ ಭಾಗ, ಆರ್ಡರ್ 21 ತೆರೆದೆ. ನನ್ನ ಸಿಪಿಸಿ ಓದು ಶುರುವಾದದ್ದು ಅಲ್ಲಿಂದ.

ಹಾಗಾಗಿ ನಾನು ಹೇಳುವ ದಾರಿ ಒಂದೇ. ಸೆಕ್ಷನ್ 1ರಿಂದ 158ರವರೆಗೆ ಸಾಲಾಗಿ ಓದಬೇಡಿ. ಒಂದು ದಾವೆ ಹಿಡಿಯಿರಿ. ಆ ಫೈಲು ಕೋರ್ಟಿನಲ್ಲಿ ಹೆಂಗೆ ಸಾಗುತ್ತದೋ ಹಂಗೆ ಕೋಡ್ ಓದಿ. ಹಣ ಕೈಗೆ ಬರುವವರೆಗೆ ಬಿಡಬೇಡಿ.

ಮೊದಲು ಪುಸ್ತಕದ ಮಾತು

ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ ಕೊಳ್ಳಿ. ಗೈಡ್ ಆಮೇಲೆ ನೋಡೋಣ. ಕರ್ನಾಟಕದ ತಿದ್ದುಪಡಿಗಳು ಸೇರಿರುವ ಆವೃತ್ತಿಯೇ ಬೇಕು, ಯಾಕೆ ಅಂತ ಈಗ ಹೇಳುತ್ತೇನೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಇಂಡಿಯಾ ಕೋಡ್ ಜಾಲತಾಣದಲ್ಲಿ ಮೂಲ ಕಾಯ್ದೆ ಉಚಿತವಾಗಿ ಸಿಗುತ್ತದೆ.

ಪುಸ್ತಕ ಎರಡು ಭಾಗ. ಮುಂದೆ ಸೆಕ್ಷನ್‌ಗಳು, ಹಿಂದೆ ಮೊದಲ ಅನುಸೂಚಿಯಲ್ಲಿ 51 ಆರ್ಡರ್‌ಗಳು. ಸೆಕ್ಷನ್ ಅಧಿಕಾರ ಕೊಡುತ್ತದೆ, ಆರ್ಡರ್ ಮತ್ತು ರೂಲ್ ಆ ಅಧಿಕಾರ ನಡೆಸುವ ರೀತಿ ಹೇಳುತ್ತದೆ. ಸೆಕ್ಷನ್ ಬದಲಿಸಲು ಶಾಸನಸಭೆಯೇ ಬೇಕು. ರೂಲ್‌ಗಳನ್ನು ಸೆಕ್ಷನ್ 122ರ ಪ್ರಕಾರ ಹೈಕೋರ್ಟ್ ಕೂಡ ಬದಲಿಸಬಹುದು, ಆದರೆ ಅವು ಸೆಕ್ಷನ್‌ಗೆ ವಿರುದ್ಧ ಇರುವಂತಿಲ್ಲ. ಕರ್ನಾಟಕದ ಆವೃತ್ತಿ ಬೇಕು ಅಂದಿದ್ದು ಇದಕ್ಕೇ. ಈ ಎರಡು ಭಾಗಗಳ ಜೋಡಿ ಹಿಡಿಯಿರಿ: ಸೆಕ್ಷನ್ 27 ಸಮನ್ಸ್ ಅನ್ನುತ್ತದೆ, ಅದರ ವಿವರ ಆರ್ಡರ್ 5ರಲ್ಲಿದೆ. ಸೆಕ್ಷನ್ 114 ಪುನರ್‌ವಿಮರ್ಶೆ, ವಿವರ ಆರ್ಡರ್ 47. ಸೆಕ್ಷನ್ 96 ಮೇಲ್ಮನವಿ, ವಿವರ ಆರ್ಡರ್ 41. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದರ ಪಕ್ಕ ಇನ್ನೊಂದರ ಸಂಖ್ಯೆ ಬರೆಯುತ್ತಾ ಹೋಗಿ. ಇಷ್ಟೇ ಮಾಡಿದರೂ ಅರ್ಧ ಗೊಂದಲ ಕಡಿಮೆ.

ಹಳೆಯ ಪುಸ್ತಕ ಸಿಕ್ಕರೆ 1976, 1999 ಮತ್ತು 2002ರ ತಿದ್ದುಪಡಿಗಳು ಅದರಲ್ಲಿ ಇವೆಯಾ ನೋಡಿ, ಇಲ್ಲದಿದ್ದರೆ ಅದನ್ನು ಓದಬೇಡಿ. ಇನ್ನೊಂದು ಎಚ್ಚರ. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸುಗಳ ಸಿಆರ್‌ಪಿಸಿ ಹೋಗಿ ಹೊಸ ಸಂಹಿತೆ ಬಂತು, ಸಾಕ್ಷ್ಯ ಕಾಯ್ದೆಯೂ ಬದಲಾಯಿತು. ಸಿಪಿಸಿ ಹೋಗಿಲ್ಲ, 1908ರದ್ದೇ ಇದೆ. ಆದರೆ ಹಳೆಯ ಸಿಪಿಸಿ ಗೈಡ್‌ಗಳಲ್ಲಿ ಕೊಟ್ಟಿರುವ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು ಈಗಿನವಲ್ಲ.

ನಮ್ಮ ಭಾಗದವರು ತಿಳಿಯಬೇಕಾದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕೋಡ್ ಜಾರಿಗೆ ಬಂದದ್ದು 1909ರ ಜನವರಿ 1ರಂದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಗೆ ಆಗಲೇ ಬಂತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಲ್ಲಿಗೆ ಬಂದದ್ದು 1951ರ ಏಪ್ರಿಲ್ 1ರಂದು, ಆ ವರ್ಷದ ತಿದ್ದುಪಡಿ ಕಾಯ್ದೆಯ ಮೂಲಕ. ಹಳೆಯ ಆಸ್ತಿ ಕೇಸುಗಳಲ್ಲಿ ಉರ್ದು ಕಾಗದಗಳು ಎದುರಾಗುವುದು ಈ ಕಾರಣಕ್ಕೇ. ವಕಾಲತ್ತು, ಅಮೀನ, ತಕರಾರು, ಅಮಲ್ಜಾರಿ, ಈ ಪದಗಳೆಲ್ಲ ಕೋರ್ಟಿನಲ್ಲಿ ಇನ್ನೂ ಜೀವಂತವಾಗಿವೆ.

ಇಂಗ್ಲಿಷ್ ಭಯ ಇದ್ದವರಿಗೆ

ನಮ್ಮ ಕಡೆ ಬಹಳ ಜನ ಕನ್ನಡ ಮಾಧ್ಯಮದಿಂದ ಬಂದವರು. ನಾನೂ ಹಂಗೇ ಬಂದವನು. ಕಾನೂನಿನ ಇಂಗ್ಲಿಷ್ ವಾಕ್ಯ ಅರ್ಧ ಪುಟ ಇರುತ್ತದೆ, ಕೊನೆಗೆ ಬರುವಷ್ಟರಲ್ಲಿ ಶುರು ಮರೆತಿರುತ್ತದೆ. ಇದಕ್ಕೆ ಒಂದು ಉಪಾಯ ಇದೆ. ವಾಕ್ಯವನ್ನು ಒಡೆಯಿರಿ. ಸೆಕ್ಷನ್ 11 ತೆಗೆದುಕೊಳ್ಳಿ, ರೆಸ್ ಜ್ಯುಡಿಕೇಟಾ. ಒಂದೇ ಉಸಿರಿಗೆ ಓದಿದರೆ ಯಾರಿಗೂ ಅರ್ಥವಾಗಲ್ಲ. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಸಾಲು ಸಾಲಾಗಿ ಬರೆಯಿರಿ: ಹಿಂದೆ ಒಂದು ದಾವೆ ಇತ್ತು. ಈಗ ಎದ್ದಿರುವ ವಿಷಯ ಅಲ್ಲಿಯೂ ನೇರವಾಗಿ, ಮುಖ್ಯವಾಗಿ ಎದ್ದಿತ್ತು. ಪಕ್ಷಗಾರರು ಅವರೇ, ಅಥವಾ ಅವರ ಮೂಲಕ ಹಕ್ಕು ಹೇಳುವವರು. ಅದೇ ಹಕ್ಕಿನ ಮೇಲೆ ವ್ಯಾಜ್ಯ. ಆ ಕೋರ್ಟಿಗೆ ಅಧಿಕಾರ ಇತ್ತು. ಅದು ಕೇಳಿ ಕೊನೆಯ ತೀರ್ಮಾನ ಕೊಟ್ಟಿತ್ತು. ಹಾಗಿದ್ದರೆ ಮತ್ತೆ ವಿಚಾರಣೆ ಇಲ್ಲ. ಇಷ್ಟು ಆದ ಮೇಲೆ ಕೆಳಗಿನ ಎಂಟು ವಿವರಣೆಗಳಿಗೆ ಹೋಗಿ. ಅದರಲ್ಲಿ ನಾಲ್ಕನೆಯದನ್ನು ಎರಡು ಸಲ ಓದಿ. ಹಿಂದಿನ ದಾವೆಯಲ್ಲಿ ಎತ್ತಬಹುದಾಗಿದ್ದ, ಎತ್ತಬೇಕಾಗಿದ್ದ ವಾದವನ್ನು ಎತ್ತದೆ ಬಿಟ್ಟರೆ ಅದೂ ತೀರ್ಮಾನವಾದ ಹಾಗೇ ಲೆಕ್ಕ.

ಪದಗಳಿಗೂ ಒಂದು ನೋಟ್‌ಬುಕ್ ಇಡಿ. ಪ್ಲೇಂಟ್ ಅಂದರೆ ವಾದಪತ್ರ. ರಿಟನ್ ಸ್ಟೇಟ್‌ಮೆಂಟ್ ಅಂದರೆ ಲಿಖಿತ ಹೇಳಿಕೆ, ಹಳೆಯ ವಕೀಲರ ಬಾಯಲ್ಲಿ ಕೈಫಿಯತ್ತು. ಇಶ್ಯೂ ಅಂದರೆ ವಿವಾದಾಂಶ. ಎಕ್ಸಿಕ್ಯೂಶನ್ ಅಂದರೆ ಅಮಲ್ಜಾರಿ, ಡಿಕ್ರಿಯನ್ನು ಜಾರಿ ಮಾಡಿಸುವುದು. ಡಿಕ್ರಿ ಪಡೆದವನು ಡಿಎಚ್‌ಆರ್, ಕೊಡಬೇಕಾದವನು ಜೆಡಿಆರ್ ಅಂತ ಫೈಲಿನ ಮೇಲೆ ಬರೆದಿರುತ್ತಾರೆ. ಓಎಸ್ ಅಂದರೆ ಅಸಲು ದಾವೆ, ಐಎ ಅಂದರೆ ಮಧ್ಯಂತರ ಅರ್ಜಿ, ಆರ್‌ಎ ಮೊದಲ ಮೇಲ್ಮನವಿ, ಆರ್‌ಎಸ್‌ಎ ಎರಡನೆಯದು. ಇವು ಬಾಯಿಗೆ ಬಂದರೆ ಕೋರ್ಟ್ ಹಾಲಿನಲ್ಲಿ ಏನು ನಡೆಯುತ್ತಿದೆ ಅನ್ನೋದು ಕಿವಿಗೆ ಬೀಳಲು ಶುರುವಾಗುತ್ತದೆ.

ಇನ್ನೊಂದು ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂತು. ಕೋಡ್‌ನಲ್ಲಿರುವ ಉದಾಹರಣೆಗಳ ಊರು ಬದಲಿಸುವುದು. ಸೆಕ್ಷನ್ 20ರ ಕೆಳಗೆ ಕಲ್ಕತ್ತಾ ವ್ಯಾಪಾರಿ, ದೆಹಲಿಯ ಗಿರಾಕಿ ಇದ್ದಾರೆ. ಸೆಕ್ಷನ್ 19ರಲ್ಲಿ ದೆಹಲಿಯವನು ಕಲ್ಕತ್ತಾದಲ್ಲಿ ಒಬ್ಬನನ್ನು ಹೊಡೆಯುತ್ತಾನೆ, ಪೆಟ್ಟು ತಿಂದವನು ಎರಡರಲ್ಲಿ ಯಾವ ಊರಲ್ಲಾದರೂ ದಾವೆ ಹಾಕಬಹುದು. ಕಲ್ಕತ್ತಾ ಅಳಿಸಿ ಸಿಂಧನೂರು ಬರೆಯಿರಿ. ದೆಹಲಿ ಅಳಿಸಿ ರಾಯಚೂರು ಬರೆಯಿರಿ. ಮರೆತುಹೋಗುವುದೇ ಇಲ್ಲ.

ಈಗ ದಾವೆ

ನಾವೇ ಒಂದು ಕಟ್ಟಿಕೊಳ್ಳೋಣ. ಸಿಂಧನೂರು ತಾಲೂಕಿನ ರೈತರೊಬ್ಬರು ರಾಯಚೂರಿನ ವ್ಯಾಪಾರಿಗೆ 120 ಚೀಲ ಭತ್ತ ಮಾರಿದರು. ಚೀಲಕ್ಕೆ 2,000 ರೂಪಾಯಿ, ಒಟ್ಟು 2,40,000. ವ್ಯಾಪಾರಿ ಲಾರಿ ತಂದು ಕಣದಿಂದಲೇ ಹೊತ್ತೊಯ್ದ. ಒಂದು ಚೀಟಿ ಬರೆದುಕೊಟ್ಟ: "ದೀಪಾವಳಿಗೆ ಕೊಡುತ್ತೇನೆ." ದೀಪಾವಳಿ ಬಂತು, ಹೋಯಿತು. ದುಡ್ಡು ಬರಲಿಲ್ಲ.

ಇಲ್ಲಿ ಕಾಂಟ್ರ್ಯಾಕ್ಟ್ ಮುಗಿಯಿತು, ಸಿಪಿಸಿ ಶುರುವಾಯಿತು. ಒಂದೊಂದೇ ಪ್ರಶ್ನೆ ಕೇಳಿಕೊಳ್ಳಿ.

ಇದು ಸಿವಿಲ್ ಸ್ವರೂಪದ ದಾವೆಯಾ? ಸೆಕ್ಷನ್ 9. ಬೇರೆ ಕಾಯ್ದೆ ಸ್ಪಷ್ಟವಾಗಿಯೋ ಪರೋಕ್ಷವಾಗಿಯೋ ಬಾಗಿಲು ಮುಚ್ಚಿರದಿದ್ದರೆ ಸಿವಿಲ್ ಕೋರ್ಟ್ ಎಲ್ಲ ಸಿವಿಲ್ ದಾವೆಗಳನ್ನೂ ಕೇಳಬೇಕು. ಆ ಬಾಗಿಲು ಯಾವಾಗ ಮುಚ್ಚುತ್ತದೆ ಅನ್ನೋದಕ್ಕೆ 1968ರ ಧೂಲಾಭಾಯಿ ತೀರ್ಪು ಓದಿ.

ಯಾವ ಊರಿನ ಕೋರ್ಟ್? ವ್ಯಾಪಾರಿ ರಾಯಚೂರಿನಲ್ಲಿದ್ದಾನೆ, ಅಲ್ಲಿ ಹಾಕಬಹುದು. ಭತ್ತ ಕೊಟ್ಟದ್ದು ಸಿಂಧನೂರಿನ ಕಡೆ, ವ್ಯಾಜ್ಯದ ಕಾರಣ ಭಾಗಶಃ ಅಲ್ಲಿ ಹುಟ್ಟಿತು, ಹಾಗಾಗಿ ಅಲ್ಲಿಯೂ ಹಾಕಬಹುದು. ಸೆಕ್ಷನ್ 20. ಬಸ್ಸಿನ ಖರ್ಚು, ಓಡಾಟ ಯಾರಿಗೆ ಅನ್ನೋದು ಇದರ ಮೇಲೆ ನಿಂತಿದೆ, ಆದ್ದರಿಂದ ಇದು ಬರೀ ಪರೀಕ್ಷೆಯ ವಿಷಯ ಅಲ್ಲ. ಈಗ ವ್ಯಾಪಾರಿ ಆಂಧ್ರದ ಆದೋನಿಯವನು ಅಂತ ಇಟ್ಟುಕೊಳ್ಳಿ. ಆಗಲೂ ಸಿಂಧನೂರಿನಲ್ಲೇ ಹಾಕಬಹುದು. ಸಮನ್ಸ್ ಸೆಕ್ಷನ್ 28ರ ಪ್ರಕಾರ ಆ ರಾಜ್ಯಕ್ಕೆ ಹೋಗುತ್ತದೆ. ಮುಂದೆ ಡಿಕ್ರಿಯಾದರೆ ಸೆಕ್ಷನ್ 39ರಲ್ಲಿ ಅಲ್ಲಿನ ಕೋರ್ಟಿಗೆ ಅಮಲ್ಜಾರಿಗೆ ಕಳಿಸಬಹುದು. ಗಡಿ ಜಿಲ್ಲೆಯ ನಮಗೆ ಈ ಎರಡು ಸೆಕ್ಷನ್ ನಿತ್ಯ ಬೇಕಾಗುತ್ತವೆ.

ಆ ಊರಿನಲ್ಲಿ ಯಾವ ಕೋರ್ಟ್? ಅಧಿಕಾರ ಇರುವ ಕೋರ್ಟುಗಳಲ್ಲಿ ಅತಿ ಕೆಳಗಿನದು ಅನ್ನುತ್ತದೆ ಸೆಕ್ಷನ್ 15. ಸಿವಿಲ್ ಜಡ್ಜ್, ಸೀನಿಯರ್ ಸಿವಿಲ್ ಜಡ್ಜ್, ಜಿಲ್ಲಾ ನ್ಯಾಯಾಧೀಶರು ಅನ್ನುವ ಮೂರು ಹಂತ ಮತ್ತು ಮೊತ್ತದ ಮಿತಿ ಸಿಪಿಸಿಯಲ್ಲಿಲ್ಲ. 1964ರ ಕರ್ನಾಟಕ ಸಿವಿಲ್ ಕೋರ್ಟುಗಳ ಕಾಯ್ದೆಯಲ್ಲಿದೆ. ಅಧಿಕಾರವೇ ಇಲ್ಲದ ಕೋರ್ಟಿನ ಡಿಕ್ರಿ ಶೂನ್ಯ ಅಂತ ಕಿರಣ್ ಸಿಂಗ್ ವಿರುದ್ಧ ಚಮನ್ ಪಾಸ್ವಾನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದೆ. ಆದರೆ ಅದೇ ತೀರ್ಪನ್ನು ಪೂರ್ತಿ ಓದಿ. ದಾವೆಯ ಬೆಲೆ ಹಾಕುವುದರಲ್ಲಿ ಆದ ತಪ್ಪಿಗೆ ಬೇರೆ ನಿಯಮ ಇದೆ ಅಂತಲೂ ಅಲ್ಲಿ ಇದೆ. ಗೈಡ್‌ನವರು ಮೊದಲ ಅರ್ಧ ಮಾತ್ರ ಬರೆಯುತ್ತಾರೆ.

ಎಷ್ಟು ದಿನದೊಳಗೆ? ಇದು 1963ರ ಕಾಲಮಿತಿ ಕಾಯ್ದೆ. ಸಿಪಿಸಿ ಪಕ್ಕದಲ್ಲೇ ಇದನ್ನು ಇಟ್ಟುಕೊಳ್ಳಿ. ಮಾರಿದ ಮಾಲಿನ ಬೆಲೆಗೆ 3 ವರ್ಷ, ಮಾಲು ಕೊಟ್ಟ ದಿನದಿಂದ. ಆದರೆ ಇಲ್ಲಿ 'ದೀಪಾವಳಿಗೆ' ಅಂತ ಗಡುವು ಇದೆ ಅಲ್ವಾ? ಹಾಗಾದರೆ ಗಡುವು ಮುಗಿದ ದಿನದಿಂದ 3 ವರ್ಷ, ಆರ್ಟಿಕಲ್ 15. ಕಾಲ ಮುಗಿಯುವ ಮೊದಲು ವ್ಯಾಪಾರಿ 'ಬಾಕಿ ಇದೆ' ಅಂತ ಸಹಿ ಮಾಡಿ ಬರೆದುಕೊಟ್ಟರೆ ಆ ದಿನದಿಂದ ಹೊಸ ಲೆಕ್ಕ. ಒಂದು ಮಾತು ಮನಸ್ಸಿನಲ್ಲಿರಲಿ, ತಡವಾಯಿತು ಕ್ಷಮಿಸಿ ಅಂತ ಕೇಳುವ ಈ ಕಾಯ್ದೆಯ ಸೆಕ್ಷನ್ 5 ಮೇಲ್ಮನವಿಗೆ, ಅರ್ಜಿಗಳಿಗೆ ಇದೆ, ದಾವೆಗೆ ಇಲ್ಲ. ಕಕ್ಷಿದಾರರು ಬಂದು ಮೂರು ವರ್ಷ ಎರಡು ತಿಂಗಳಾಯಿತು ಅಂದಾಗ ಏನೂ ಮಾಡಲಾಗದೆ ಕೂರುವುದು ಬಹಳ ಕಷ್ಟ.

ಎಷ್ಟು ಕೇಳಬೇಕು? ಆರ್ಡರ್ 2 ರೂಲ್ 2. ಒಂದೇ ಕಾರಣದಿಂದ ಹುಟ್ಟಿದ್ದನ್ನು ಪೂರ್ತಿ ಕೇಳಬೇಕು, ಬಿಟ್ಟದ್ದಕ್ಕೆ ಮತ್ತೆ ಬರುವಂತಿಲ್ಲ. ಕೋಡ್‌ನ ಉದಾಹರಣೆಯೇ ಚೆನ್ನಾಗಿದೆ. 1905, 1906, 1907 ಮೂರೂ ವರ್ಷದ ಬಾಡಿಗೆ ಬಾಕಿ ಇದೆ. ಮಾಲೀಕ 1908ರಲ್ಲಿ 1906ರ ಬಾಡಿಗೆಗೆ ಮಾತ್ರ ದಾವೆ ಹಾಕಿದ. ಉಳಿದೆರಡು ವರ್ಷದ್ದು ಹೋಯಿತು. ಸೆಕ್ಷನ್ 10, ಸೆಕ್ಷನ್ 11, ಆರ್ಡರ್ 2 ರೂಲ್ 2, ಈ ಮೂರನ್ನು ಎಲ್ಲರೂ ಕಲಸಿಬಿಡುತ್ತಾರೆ. ಬಿಡಿಸಿಕೊಳ್ಳುವುದು ಹೀಗೆ: ಮೊದಲ ದಾವೆ ಇನ್ನೂ ನಡೆಯುತ್ತಿದ್ದರೆ ಸೆಕ್ಷನ್ 10, ಎರಡನೆಯದು ನಿಲ್ಲುತ್ತದೆ. ಮೊದಲನೆಯದು ತೀರ್ಮಾನವಾಗಿದ್ದರೆ ಸೆಕ್ಷನ್ 11. ಮೊದಲನೆಯದರಲ್ಲಿ ಕೇಳಲು ಬಿಟ್ಟಿದ್ದರೆ ಆರ್ಡರ್ 2 ರೂಲ್ 2.

ಈಗ ಪೆನ್ನು ಹಿಡಿಯಿರಿ. ಈ ರೈತರ ವಾದಪತ್ರ ನೀವೇ ಬರೆಯಿರಿ, ಕನ್ನಡದಲ್ಲೇ. ಆರ್ಡರ್ 7 ರೂಲ್ 1 ತೆರೆದಿಟ್ಟುಕೊಳ್ಳಿ: ಕೋರ್ಟಿನ ಹೆಸರು, ವಾದಿ, ಪ್ರತಿವಾದಿ, ವ್ಯಾಜ್ಯದ ಕಾರಣ ಏನು ಮತ್ತು ಯಾವಾಗ, ಈ ಕೋರ್ಟಿಗೆ ಅಧಿಕಾರ ಹೇಗೆ, ಏನು ಪರಿಹಾರ, ಬೆಲೆ ಎಷ್ಟು. ಆರ್ಡರ್ 6 ರೂಲ್ 2 ಹೇಳುತ್ತದೆ, ಮುಖ್ಯ ಸಂಗತಿ ಬರೆಯಿರಿ, ಸಾಕ್ಷ್ಯ ಬರೆಯಬೇಡಿ. 'ಭತ್ತ ಕೊಟ್ಟೆ, ದುಡ್ಡು ಕೊಟ್ಟಿಲ್ಲ' ಸಂಗತಿ. 'ಪಕ್ಕದ ಹೊಲದವರು ನೋಡಿದ್ದಾರೆ' ಸಾಕ್ಷ್ಯ. ಬಹಳ ವಿದ್ಯಾರ್ಥಿಗಳು ನೋಡದ ಒಂದು ಜಾಗ ಪುಸ್ತಕದ ಕೊನೆಯಲ್ಲಿದೆ, ಅನುಬಂಧ ಎ. ಅಲ್ಲಿ ವಾದಪತ್ರಗಳ ಮಾದರಿಗಳಿವೆ, ಮಾರಿದ ಮಾಲಿನ ಬೆಲೆ ಕೇಳುವ ಮಾದರಿಯೂ ಇದೆ. ಕೆಲವೇ ಸಾಲು. ಅದನ್ನು ನೋಡಿದ ಮೇಲೆ ನಿಮ್ಮದನ್ನು ತಿದ್ದಿ. ಒಂದು ವಾದಪತ್ರ ಕೈಯಾರೆ ಬರೆದವರಿಗೆ ಆರ್ಡರ್ 7ರ ರೂಲ್ 11 ತಾನಾಗಿಯೇ ತಿಳಿಯುತ್ತದೆ. ವ್ಯಾಜ್ಯದ ಕಾರಣವೇ ಕಾಣದಿದ್ದರೆ, ಕಾನೂನಿನ ತಡೆ ಇದ್ದರೆ ವಾದಪತ್ರ ತಿರಸ್ಕಾರ. ರೂಲ್ 10 ಬೇರೆ, ಅಲ್ಲಿ ತಪ್ಪು ಕೋರ್ಟಿಗೆ ಬಂದ ವಾದಪತ್ರವನ್ನು ಸರಿಯಾದ ಕಡೆ ಹಾಕಿ ಅಂತ ವಾಪಸ್ ಕೊಡುತ್ತಾರೆ.

ಸಮನ್ಸ್ ಹೊರಟಿತು. ವ್ಯಾಪಾರಿ ಮನೆಯಲ್ಲಿಲ್ಲ. ಮನೆಯ ವಯಸ್ಕ ಸದಸ್ಯರಿಗೆ ಕೊಡಬಹುದು, ಆಳಿಗೆ ಕೊಟ್ಟರೆ ಆಗಲ್ಲ. ತೆಗೆದುಕೊಳ್ಳುವುದಿಲ್ಲ ಅಂದರೆ ಬಾಗಿಲಿಗೆ ಅಂಟಿಸಿ ಬರುತ್ತಾರೆ. ತಪ್ಪಿಸಿಕೊಂಡು ತಿರುಗುತ್ತಿದ್ದರೆ ಆರ್ಡರ್ 5ರ ರೂಲ್ 20, ಪತ್ರಿಕೆ ಪ್ರಕಟಣೆ ಸೇರಿ ಬದಲಿ ಜಾರಿ. ಅವನು ಬರಲೇ ಇಲ್ಲವಾದರೆ ಆರ್ಡರ್ 9. ಈ ಆರ್ಡರ್ ಓದುವಾಗ ಒಂದು ಪುಟದಲ್ಲಿ ಚೌಕ ಹಾಕಿ: ಇಬ್ಬರೂ ಬರಲಿಲ್ಲ, ವಾದಿ ಬಂದ ಪ್ರತಿವಾದಿ ಇಲ್ಲ, ಪ್ರತಿವಾದಿ ಬಂದ ವಾದಿ ಇಲ್ಲ. ಏನಾಗುತ್ತದೆ, ಸರಿಪಡಿಸಲು ಯಾವ ರೂಲ್ ಅಂತ ಪಕ್ಕದಲ್ಲಿ ತುಂಬಿ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು ರೂಲ್ 13, 30 ದಿನದೊಳಗೆ.

ಬಂದರೆ 30 ದಿನದಲ್ಲಿ ಲಿಖಿತ ಹೇಳಿಕೆ, ಕೋರ್ಟ್ ಒಪ್ಪಿದರೆ 90ರವರೆಗೆ. ಆ 90 ದಾಟಿದರೆ ಕಥೆ ಮುಗಿಯಿತಾ? ಸಾಮಾನ್ಯ ದಾವೆಯಲ್ಲಿ ಇಲ್ಲ. ಕೈಲಾಶ್ ವಿರುದ್ಧ ನನ್ಹಕು ಕೇಸಿನಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದು ಕಡ್ಡಾಯ ನಿಯಮವಲ್ಲ, ವಿಶೇಷ ಕಾರಣ ಇದ್ದರೆ ಸಮಯ ಕೊಡಬಹುದು ಅಂದಿತು. ಆದರೆ ಬೆಲೆ 3 ಲಕ್ಷ ಅಥವಾ ಜಾಸ್ತಿ ಇದ್ದು ವಾಣಿಜ್ಯ ವ್ಯಾಜ್ಯ ಆಗಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬರುತ್ತದೆ. ಅಲ್ಲಿ 120 ದಿನ ದಾಟಿದರೆ ಹಕ್ಕೇ ಹೋಗುತ್ತದೆ. ಲಿಖಿತ ಹೇಳಿಕೆಯಲ್ಲಿ 'ವಾದಿ ಹೇಳಿದ್ದೆಲ್ಲ ಸುಳ್ಳು' ಅಂತ ಸುಮ್ನೆ ಬರೆದರೆ ಸಾಲದು. ಒಂದೊಂದು ಸಂಗತಿಯನ್ನೂ ಬೇರೆಬೇರೆಯಾಗಿ ನಿರಾಕರಿಸಬೇಕು, ಇಲ್ಲದಿದ್ದರೆ ಒಪ್ಪಿದ ಹಾಗೆ. ಆರ್ಡರ್ 8, ರೂಲ್ 3ರಿಂದ 5.

ಒಬ್ಬ ಹೌದು ಅಂದದ್ದನ್ನು ಇನ್ನೊಬ್ಬ ಅಲ್ಲ ಅಂದಾಗ ವಿವಾದಾಂಶ ಹುಟ್ಟುತ್ತದೆ, ಆರ್ಡರ್ 14. ನಿಮ್ಮ ಗೆಳೆಯರಿಂದ ವ್ಯಾಪಾರಿಯ ಪರ ಲಿಖಿತ ಹೇಳಿಕೆ ಬರೆಸಿ, ಇಬ್ಬರೂ ಕೂತು ವಿವಾದಾಂಶ ತೆಗೆಯಿರಿ. ಒಂದು ಸಂಜೆ ಸಾಕು. ವಿಚಾರಣೆ, ಸಾಕ್ಷಿ, ತೀರ್ಪು, ಇವು ಆರ್ಡರ್ 18ರಿಂದ 20. ಇಲ್ಲಿ ಜಾಸ್ತಿ ನಿಲ್ಲಬೇಡಿ, ಕೋರ್ಟಿನಲ್ಲಿ ಕೂತು ನೋಡಿದರೆ ಬೇಗ ಬರುತ್ತದೆ.

ಎರಡನೆಯ ದಾವೆ: ಅಣ್ಣತಮ್ಮಂದಿರ ಹೊಲ

ಹಣದ ದಾವೆಯಲ್ಲಿ ಕೋಡ್ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಒಂದು ಪಾಲಿನ ದಾವೆಯೂ ಬೇಕು. ನಮ್ಮ ಭಾಗದಲ್ಲಿ ಇವು ಬೇಕಾದಷ್ಟಿವೆ. ತಂದೆ ತೀರಿಕೊಂಡರು. ಸ್ವಲ್ಪ ಹೊಲ ಗಂಗಾವತಿ ಕಡೆ, ಸ್ವಲ್ಪ ಸಿಂಧನೂರು ಕಡೆ. ಒಂದು ಕೊಪ್ಪಳ ಜಿಲ್ಲೆ, ಇನ್ನೊಂದು ರಾಯಚೂರು ಜಿಲ್ಲೆ. ದಾವೆ ಎಲ್ಲಿ? ಸೆಕ್ಷನ್ 16 ಸ್ಥಿರಾಸ್ತಿ ಇರುವ ಕಡೆ ಅನ್ನುತ್ತದೆ, ಸೆಕ್ಷನ್ 17 ಎರಡು ಕೋರ್ಟಿನ ವ್ಯಾಪ್ತಿಯಲ್ಲಿದ್ದರೆ ಯಾವುದರಲ್ಲಾದರೂ ಹಾಕಬಹುದು ಅನ್ನುತ್ತದೆ.

ತಮ್ಮ ದಾವೆ ಹಾಕಿದ, ಅಣ್ಣನನ್ನು ಪ್ರತಿವಾದಿ ಮಾಡಿದ, ಅಕ್ಕನನ್ನು ಬಿಟ್ಟ. ಇದು ನಾನು ಪದೇ ಪದೇ ನೋಡುವ ತಪ್ಪು. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿ ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, 2020ರ ವಿನೀತಾ ಶರ್ಮಾ ತೀರ್ಪು ಉಳಿದ ಗೊಂದಲ ತೀರಿಸಿತು. ಅಕ್ಕ ಇಲ್ಲದೆ ಪಾಲಿನ ಡಿಕ್ರಿ ಆಗುವುದಿಲ್ಲ, ಆಕೆ ಅಗತ್ಯ ಪಕ್ಷಗಾರಳು. ಆರ್ಡರ್ 1 ರೂಲ್ 9 ಮತ್ತು 10 ಇಲ್ಲಿ ಓದಿ. ಅಕ್ಕನ ಹೆಸರು ಸೇರಿಸುವುದು ಬರೀ ಕಾನೂನಿನ ಶಾಸ್ತ್ರ ಅಂತ ತಿಳಿಯಬೇಡಿ. ಮನೆಯ ಮಗಳ ಹಕ್ಕು ಉಳಿಯುವುದೋ ಅಳಿಯುವುದೋ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಅಣ್ಣ ಹೊಲ ಮಾರಲು ಹೊರಟ. ತಡೆಯಾಜ್ಞೆ ಬೇಕು, ಆರ್ಡರ್ 39. ಮೂರು ಪರೀಕ್ಷೆ: ಮೇಲ್ನೋಟಕ್ಕೆ ಕೇಸು ಇದೆಯಾ, ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ತುಂಬಲಾಗದ್ದಾ. ದಲ್ಪತ್ ಕುಮಾರ್ ವಿರುದ್ಧ ಪ್ರಹ್ಲಾದ್ ಸಿಂಗ್ ತೀರ್ಪು ಇದಕ್ಕೆ ಓದಲೇಬೇಕು. ದಾವೆ ನಡೆಯುತ್ತಿರುವಾಗ ಅಣ್ಣ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ತರಬೇಕು, ಆರ್ಡರ್ 22. ಅವರಲ್ಲಿ ಮಗು ಇದ್ದರೆ ಆರ್ಡರ್ 32. ಕೊನೆಗೆ ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ಆರ್ಡರ್ 20 ರೂಲ್ 18. ಕಂದಾಯ ಕಟ್ಟುವ ಜಮೀನನ್ನು ಅಳೆದು ಹಂಚುವುದು ಸೆಕ್ಷನ್ 54ರ ಪ್ರಕಾರ ಕಲೆಕ್ಟರ್ ಕೆಲಸ. ಡಿಕ್ರಿಯಲ್ಲಿ ಎರಡು ಬಗೆ ಯಾಕೆ ಅನ್ನೋದು ಸೆಕ್ಷನ್ 2(2) ಎಷ್ಟು ಸಲ ಓದಿದರೂ ನನಗೆ ಹೊಳೆದಿರಲಿಲ್ಲ, ಒಂದು ಪಾಲಿನ ಫೈಲು ನೋಡಿದಾಗ ಹೊಳೆಯಿತು.

ಕೋರ್ಟಿಗೆ ಹೋಗಿ ಕೂರಿ

ವಾರಕ್ಕೆ ಒಂದು ಬೆಳಿಗ್ಗೆ ಸಾಕು. ನ್ಯಾಯಾಧೀಶರು ಬರುವ ಮೊದಲೇ ಹೋಗಿ, ಹಿಂದಿನ ಸಾಲಿನಲ್ಲಿ ಕೂರಿ, ಫೋನ್ ಬಂದ್ ಮಾಡಿ. ವಿಚಾರಣೆ ತೆರೆದ ಕೋರ್ಟಿನಲ್ಲೇ ನಡೆಯುತ್ತದೆ, ಸಾಮಾನ್ಯವಾಗಿ ಯಾರು ಬೇಕಾದರೂ ಕೂತು ನೋಡಬಹುದು. ಹಿಂದಿನ ರಾತ್ರಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ಕೋರ್ಟಿನ ಕಾಸ್ ಲಿಸ್ಟ್, ಅಂದರೆ ಆ ದಿನದ ಕೇಸುಗಳ ಪಟ್ಟಿ ನೋಡಿ. ಐದು ಓಎಸ್ ನಂಬರ್ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ 'ಸಮನ್ಸ್‌ಗೆ', 'ವಿವಾದಾಂಶಕ್ಕೆ', 'ಸಾಕ್ಷ್ಯಕ್ಕೆ' ಅಂತ ಹಂತ ಇರುತ್ತದೆ. ಆ ಹಂತಕ್ಕೆ ಯಾವ ಆರ್ಡರ್ ಅಂತ ನೀವೇ ಬರೆಯಿರಿ. ಎರಡು ತಿಂಗಳು ಅವೇ ಐದು ಕೇಸು ಹಿಂಬಾಲಿಸಿ, ಮುಂದಿನ ತಾರೀಕು ಬಂದಾಗಲೆಲ್ಲ ನೋಡಿ. ಒಬ್ಬ ಕಕ್ಷಿದಾರನಿಗೆ ವಿಚಾರಣೆಯಲ್ಲಿ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಅಂತ ಆರ್ಡರ್ 17 ಹೇಳುತ್ತದೆ. ನಿಮ್ಮ ಐದು ಕೇಸುಗಳಲ್ಲಿ ಎಣಿಸಿ ನೋಡಿ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಾನೂನು ವಿದ್ಯಾರ್ಥಿಗಳು ಪ್ಯಾರಾ ಲೀಗಲ್ ವಾಲಂಟಿಯರ್ ಆಗಬಹುದು. ಅವಕಾಶ ಸಿಕ್ಕರೆ ಬಿಡಬೇಡಿ. ಲೋಕ ಅದಾಲತ್‌ನಲ್ಲಿ ಒಂದು ದಿನ ನಿಂತು ನೋಡಿದರೆ ಕೋರ್ಟಿನ ಹೊರಗೆ ರಾಜಿ ಮಾಡಿಸುವ ಸೆಕ್ಷನ್ 89 ಬೇರೆ ಓದಬೇಕಾಗಿಲ್ಲ.

ಅಮಲ್ಜಾರಿ

ಬಹಳ ಜನ ಇಲ್ಲಿಗೆ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ, ಆರ್ಡರ್ 21ರ ಉದ್ದ ನೋಡಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಕ್ಷಿದಾರನ ನಿಜವಾದ ಕಷ್ಟ ಶುರುವಾಗುವುದು ಡಿಕ್ರಿ ಸಿಕ್ಕ ಮೇಲೆ ಅಂತ 1872ರಲ್ಲೇ ಲಂಡನ್ನಿನ ಪ್ರಿವಿ ಕೌನ್ಸಿಲ್, ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟ್, ಹೇಳಿತ್ತು. ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ರಾಹುಲ್ ಎಸ್. ಷಾ ಕೇಸಿನಲ್ಲಿ ಹೇಳಬೇಕಾಗಿ ಬಂತು.

ನಮ್ಮ ಭತ್ತದ ರೈತರು ಗೆದ್ದರು ಅಂದುಕೊಳ್ಳಿ. ಡಿಕ್ರಿ ತಾನಾಗಿ ಹಣ ತರುವುದಿಲ್ಲ, ಅರ್ಜಿ ಹಾಕಬೇಕು, ಅದಕ್ಕೆ 12 ವರ್ಷದ ಕಾಲ ಇದೆ. ಮೊದಲು ಸೆಕ್ಷನ್ 51 ಓದಿ, ಹಣ ವಸೂಲಿಯ ದಾರಿಗಳು ಅಲ್ಲಿವೆ: ಜಪ್ತಿ, ಮಾರಾಟ, ಬಂಧನ, ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸುವವರು). ಆಮೇಲೆ ಸೆಕ್ಷನ್ 60, ಏನು ಜಪ್ತಿ ಮಾಡಬಾರದು ಅನ್ನೋದು. ಈ ಸೆಕ್ಷನ್ ನನಗೆ ಬಹಳ ಇಷ್ಟ. ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಮುಟ್ಟುವಂತಿಲ್ಲ. ಧರ್ಮದ ಪ್ರಕಾರ ಹೆಂಗಸು ಬಿಟ್ಟುಕೊಡಲಾಗದ ಒಡವೆ ಮುಟ್ಟುವಂತಿಲ್ಲ, ತಾಳಿ ನೆನಪಿಸಿಕೊಳ್ಳಿ. ಬಾಕಿದಾರ ರೈತನಾಗಿದ್ದರೆ ಅವನ ಬದುಕಿಗೆ ಬೇಕಾದ ಉಳುಮೆ ಸಾಮಾನು, ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ, ಅವನು ವಾಸವಿರುವ ಮನೆಯೂ ಹಾಗೇ. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ ಅನ್ನುತ್ತದೆ ಸೆಕ್ಷನ್ 56. ಗಂಡಸನ್ನು ಸಿವಿಲ್ ಜೈಲಿಗೆ ಹಾಕಿದರೂ ಮೂರು ತಿಂಗಳು ಮೀರುವಂತಿಲ್ಲ, ಸೆಕ್ಷನ್ 58. ಇದನ್ನು ತಿಳಿಯದೆ ಸಾಲದ ನೋಟಿಸ್ ಬಂದ ಕೂಡಲೇ ಮನೆ, ಎತ್ತು ಎಲ್ಲ ಹೋಯಿತು ಅಂತ ಹೆದರುವ ರೈತರು ಹಳ್ಳಿಗಳಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಆ ಸಾಲಕ್ಕೆ ಅಡವಿಟ್ಟ ಆಸ್ತಿಯ ಲೆಕ್ಕ ಬೇರೆ, ಅದನ್ನೂ ಅವರಿಗೆ ಹೇಳಬೇಕು.

ಆರ್ಡರ್ 21ರ ರೂಲ್‌ಗಳನ್ನು ನೀವೇ ಗುಂಪು ಮಾಡಿಕೊಳ್ಳಿ. ಅರ್ಜಿ ಹೇಗಿರಬೇಕು ಅನ್ನೋದು ರೂಲ್ 11, ಬಾಕಿದಾರನ ಬಂಧನ 37ರಿಂದ 40, ಜಪ್ತಿ 41ರಿಂದ, ಜಪ್ತಿಗೆ ಬೇರೆಯವರ ತಕರಾರು 58, ಸ್ಥಿರಾಸ್ತಿ ಮಾರಾಟ ರದ್ದು ಮಾಡಿಸುವುದು 89ರಿಂದ 91, ಸ್ವಾಧೀನಕ್ಕೆ ಅಡ್ಡಿ 97ರಿಂದ. ಮೊದಲ ಓದಿಗೆ ಇಷ್ಟು ಸಾಕು.

ಮೇಲ್ಮನವಿಗೆ ಬಂದಾಗ ಒಂದು ನಕ್ಷೆ ಬರೆಯಿರಿ. ಸಿವಿಲ್ ಜಡ್ಜ್ ತೀರ್ಪಿನ ಮೇಲೆ ಮೊದಲ ಮೇಲ್ಮನವಿ, ಅಲ್ಲಿ ಸಂಗತಿಯನ್ನೂ ಕಾನೂನನ್ನೂ ನೋಡುತ್ತಾರೆ. ಎರಡನೆಯದು ಹೈಕೋರ್ಟಿಗೆ, ಸೆಕ್ಷನ್ 100, ಅಲ್ಲಿ ಕಾನೂನಿನ ಗಣನೀಯ ಪ್ರಶ್ನೆ ಇರಲೇಬೇಕು. ರಾಯಚೂರಿನವರು ಕಲಬುರಗಿ ಪೀಠಕ್ಕೆ, ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ ಹೋಗುತ್ತಾರೆ. ಎರಡೂ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಅದಕ್ಕೂ ಮೊದಲು ಎಲ್ಲರೂ ರಾತ್ರಿ ಬಸ್ಸು, ರೈಲು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು.

ಪರೀಕ್ಷೆಗೆ ಬರೆಯುವಾಗ ಮೊದಲ ವಾಕ್ಯದಲ್ಲೇ ಸೆಕ್ಷನ್ ಅಥವಾ ಆರ್ಡರ್ ಹೇಳಿ, ಅದರ ಅಂಶಗಳನ್ನು ಒಡೆದು ಬರೆಯಿರಿ, ಒಂದು ತೀರ್ಪು, ಆಮೇಲೆ ನಿಮ್ಮದೇ ಒಂದು ಉದಾಹರಣೆ. ತೀರ್ಪುಗಳ ಹೆಸರು ನೂರು ಬೇಡ. ನಾಲ್ಕೈದನ್ನು ಪೂರ್ತಿ ಓದಿರಿ, ಸುಪ್ರೀಂ ಕೋರ್ಟಿನವು ಅದರದೇ ತೀರ್ಪುಗಳ ಜಾಲತಾಣ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಉದಾಹರಣೆಗೆ ಬೇರೆಲ್ಲೂ ಹುಡುಕಬೇಡಿ, 120 ಚೀಲ ಭತ್ತ ಮತ್ತು ಎರಡು ಜಿಲ್ಲೆಯ ಹೊಲ ನಿಮ್ಮ ನೋಟ್‌ಬುಕ್ಕಿನಲ್ಲೇ ಇವೆ. ಸೆಕ್ಷನ್ 9ರಿಂದ ಆರ್ಡರ್ 47ರವರೆಗೆ ಯಾವ ಪ್ರಶ್ನೆ ಬಂದರೂ ಎರಡರಲ್ಲಿ ಒಂದು ಕೂರುತ್ತದೆ.